ಅರೀನಾ ಇದೆ, ತಂಡ ಇಲ್ಲ: ಕ್ವಿಬೆಕ್ ಸಿಟಿಯ ಐಸ್ ಹಾಕಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಕ್ವಿಬೆಕ್ ಸಿಟಿಯಲ್ಲಿ 18,259 ಜನ ಕೂರುವ ದೊಡ್ಡ ಅರೀನಾ ಒಂದಿದೆ. 2015ರಲ್ಲಿ ಬಾಗಿಲು ತೆರೆಯಿತು. ಕಟ್ಟಿದ್ದು ಜನರ ತೆರಿಗೆ ಹಣದಲ್ಲಿ. ಎನ್‌ಎಚ್‌ಎಲ್ ಅನ್ನುವ ದೊಡ್ಡ ಹಾಕಿ ಲೀಗ್‌ನ ತಂಡ ವಾಪಸ್ ಬರಲಿ ಅನ್ನುವ ಒಂದೇ ಆಸೆಯಿಂದ ಕಟ್ಟಿದರು. ಆ ತಂಡ ಇನ್ನೂ ಬಂದಿಲ್ಲ. ಕೆನಡಾದಲ್ಲಿರುವ ನಮ್ಮವರು, ಊರಲ್ಲಿ ಕೂತು ಕ್ರೀಡಾ ಸುದ್ದಿ ಓದುವವರು ಈ ಬಗ್ಗೆ ಆಗಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇದು ನಮ್ಮ ಕೊಡಗಿನವರು ಆಡುವ ಹಾಕಿಯಾ?

ಅಲ್ಲ. ಇದು ಐಸ್ ಹಾಕಿ. ಮಂಜುಗಡ್ಡೆಯ ಅಂಕಣದಲ್ಲಿ ಸ್ಕೇಟ್ ಕಟ್ಟಿಕೊಂಡು ಆಡುವುದು. ಚೆಂಡಿನ ಬದಲು ಪಕ್ ಅನ್ನುವ ರಬ್ಬರ್ ಬಿಲ್ಲೆ ಇರುತ್ತದೆ. ಕೆನಡಾದಲ್ಲಿ ಸುಮ್ನೆ ಹಾಕಿ ಅಂದರೆ ಇದೇ. ಅಮೆರಿಕ ಮತ್ತು ಕೆನಡಾ ಸೇರಿ ನಡೆಸುವ ಅತಿ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್. ಈಗ ಅದರಲ್ಲಿ 32 ತಂಡಗಳಿವೆ. ಅದರಲ್ಲಿ ಕೆನಡಾದವು 7 ಮಾತ್ರ.

ಕ್ವಿಬೆಕ್ ಸಿಟಿಗೆ ಮೊದಲು ತಂಡ ಇತ್ತಾ?

ಇತ್ತು, ತುಂಬಾ ಚೆನ್ನಾಗಿತ್ತು ಕೂಡ. ಹೆಸರು ನಾರ್ಡೀಕ್ಸ್. 1972ರಲ್ಲಿ ಡಬ್ಲ್ಯುಎಚ್‌ಎ ಅನ್ನುವ ಪೈಪೋಟಿ ಲೀಗ್‌ನಲ್ಲಿ ಶುರುವಾಯಿತು. ಆ ಲೀಗ್ ಮುಚ್ಚಿದಾಗ, 1979ರಲ್ಲಿ, ಎಡ್ಮಂಟನ್, ವಿನಿಪೆಗ್ ಮತ್ತು ಹಾರ್ಟ್‌ಫರ್ಡ್ ತಂಡಗಳ ಜೊತೆ ಎನ್‌ಎಚ್‌ಎಲ್ ಸೇರಿತು. ಸೇರಿದ್ದೂ ಸುಲಭವಾಗಿ ಅಲ್ಲ. ಮೊದಲ ಮತದಾನದಲ್ಲಿ ಮಾಂಟ್ರಿಯಲ್ ತಂಡ ವಿರುದ್ಧ ಮತ ಹಾಕಿತ್ತು. ಆ ತಂಡದ ಹಿಂದೆ ಇದ್ದದ್ದು ಮೋಲ್ಸನ್ ಬಿಯರ್ ಕಂಪನಿ. ಸಿಟ್ಟಾದ ಜನ ಮೋಲ್ಸನ್ ಬಿಯರ್ ಕುಡಿಯುವುದನ್ನೇ ಬಿಟ್ಟರು. ಎರಡನೇ ಮತದಾನದಲ್ಲಿ ಮಾಂಟ್ರಿಯಲ್ ಒಪ್ಪಿತು.

ಆಮೇಲೆ ಸುಮಾರು 16 ವರ್ಷ ಎರಡೂ ಊರುಗಳ ನಡುವೆ ನಡೆದ ಪೈಪೋಟಿ ಸಾಮಾನ್ಯದ್ದಲ್ಲ. ಎರಡೂ ಕ್ವಿಬೆಕ್ ಅನ್ನುವ ಒಂದೇ ಪ್ರಾಂತ್ಯದ ಊರುಗಳು, ಮಧ್ಯೆ ಸುಮಾರು 250 ಕಿಲೋಮೀಟರ್. ಎರಡರಲ್ಲೂ ಫ್ರೆಂಚ್ ಮಾತಾಡುವವರೇ ಜಾಸ್ತಿ. ಮಾಂಟ್ರಿಯಲ್ ಕೆನೇಡಿಯನ್ಸ್ ಹಿಂದೆ ಮೋಲ್ಸನ್ ಇದ್ದರೆ, ನಾರ್ಡೀಕ್ಸ್ ಹಿಂದೆ ಕಾರ್ಲಿಂಗ್ ಓಕೀಫ್ ಅನ್ನುವ ಇನ್ನೊಂದು ಬಿಯರ್ ಕಂಪನಿ. 1984ರ ಗುಡ್ ಫ್ರೈಡೇ ದಿನ ಎರಡೂ ತಂಡಗಳ ನಡುವೆ ಅಂಕಣದಲ್ಲೇ ದೊಡ್ಡ ಹೊಡೆದಾಟ ಆಯಿತು. 1987ರ ಪ್ಲೇಆಫ್‌ನಲ್ಲಿ ಆಲೈನ್ ಕೋಟೆ ಹೊಡೆದ ಗೋಲನ್ನು ರೆಫರಿ ರದ್ದು ಮಾಡಿದರು. ಅದು ಗೋಲ್ ಹೌದಾ ಅಲ್ವಾ ಅಂತ ಆ ಊರಿನವರು ಇವತ್ತಿಗೂ ವಾದ ಮಾಡುತ್ತಾರೆ.

ಆಟಗಾರರ ವಿಷಯಕ್ಕೆ ಬಂದರೆ, 1980ರಲ್ಲಿ ಪೀಟರ್ ಮತ್ತು ಆಂಟನ್ ಸ್ಟಾಸ್ನಿ ಅನ್ನುವ ಅಣ್ಣತಮ್ಮಂದಿರು ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾ ಬಿಟ್ಟು ಓಡಿಬಂದು ಇಲ್ಲಿ ಆಡಿದರು. ಮರುವರ್ಷ ಅವರ ಅಣ್ಣ ಮರಿಯನ್ ಕೂಡ ಬಂದರು. ಒಂದೇ ಮನೆಯ ಮೂವರು ಒಂದೇ ತಂಡದಲ್ಲಿ. ಲೀಗ್‌ಗೆ ಬರುವ ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 1987ರಲ್ಲಿ ಜೋ ಸಾಕಿಕ್ ಸಿಕ್ಕಿದರು. 1991ರಲ್ಲಿ ಮೊದಲ ಆಯ್ಕೆಯಾಗಿ ಎರಿಕ್ ಲಿಂಡ್ರೋಸ್ ಅವರನ್ನು ತೆಗೆದುಕೊಂಡರು. ಆದರೆ ಲಿಂಡ್ರೋಸ್ ಈ ಊರಿಗೆ ಆಡಲು ಬರುವುದೇ ಇಲ್ಲ ಅಂದುಬಿಟ್ಟರು. ಮರುವರ್ಷ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟು, ಬದಲಿಗೆ ಪೀಟರ್ ಫೋರ್ಸ್‌ಬರ್ಗ್ ಸೇರಿದಂತೆ ಹಲವು ಆಟಗಾರರನ್ನೂ 1.5 ಕೋಟಿ ಡಾಲರ್ ಹಣವನ್ನೂ ಪಡೆದರು. ಆಗ ಅವಮಾನ ಅನಿಸಿದ ಈ ವ್ಯವಹಾರ ಆ ತಂಡದ ಇತಿಹಾಸದಲ್ಲೇ ಅತ್ಯುತ್ತಮ ವ್ಯವಹಾರ ಆಯಿತು. ಅದರ ಫಲ ಉಂಡವರು ಮಾತ್ರ ಬೇರೆ ಊರಿನವರು.

ಅಷ್ಟು ಒಳ್ಳೆಯ ತಂಡ ಊರು ಬಿಟ್ಟು ಹೋಗಿದ್ದು ಯಾಕೆ? ಜನ ಬರುತ್ತಿರಲಿಲ್ವಾ?

ಜನ ಬರುತ್ತಿದ್ದರು. ಇದನ್ನು ಒತ್ತಿ ಹೇಳಬೇಕು. ಏಕೆಂದರೆ 'ಸಣ್ಣ ಊರು, ಅಭಿಮಾನಿಗಳು ಕಡಿಮೆ' ಅಂತ ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಸಮಸ್ಯೆ ಬೇರೆ ಕಡೆ ಇತ್ತು.

ಮೊದಲನೆಯದು ಕೆನಡಾ ಡಾಲರ್. ಟಿಕೆಟ್ ಮಾರಿ ಬರುವ ಹಣ ಕೆನಡಾ ಡಾಲರ್‌ನಲ್ಲಿ. ಆಟಗಾರರ ಸಂಬಳ ಅಮೆರಿಕದ ಡಾಲರ್‌ನಲ್ಲಿ. 90ರ ದಶಕದಲ್ಲಿ ಕೆನಡಾ ಡಾಲರ್ ಬೀಳುತ್ತಾ ಹೋಯಿತು, ಸಂಬಳಗಳು ಏರುತ್ತಾ ಹೋದವು. ಸಂಬಳಕ್ಕೆ ಮಿತಿ ಹಾಕುವ ನಿಯಮ ಆಗ ಇರಲಿಲ್ಲ. ಎರಡನೆಯದು ಅರೀನಾ. ಕೊಲಿಸೇ ಅನ್ನುವ ಅವರ ಅರೀನಾ 1949ರದ್ದು. ಸುಮಾರು 15,000 ಜನ ಕೂರಬಹುದಿತ್ತು. ಆದರೆ ಅಮೆರಿಕದ ಹೊಸ ಅರೀನಾಗಳು ದುಡ್ಡು ಮಾಡುತ್ತಿದ್ದುದು ಕಂಪನಿಗಳಿಗೆ ಬಾಡಿಗೆಗೆ ಕೊಡುವ ಐಷಾರಾಮಿ ಬಾಕ್ಸ್‌ಗಳಿಂದ. ಹಳೆಯ ಕಟ್ಟಡದಲ್ಲಿ ಅದಕ್ಕೆ ಜಾಗ ಎಲ್ಲಿಂದ ತರುವುದು?

ತಂಡದ ಅಧ್ಯಕ್ಷ ಮಾರ್ಸೆಲ್ ಓಬ್ಯೂ ಪ್ರಾಂತ್ಯ ಸರ್ಕಾರದ ನೆರವು ಕೇಳಿದರು. ಜಾಕ್ ಪಾರಿಜೋ ಆಗ ಪ್ರಾಂತ್ಯದ ಪ್ರಧಾನಿ, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ. ಅದೇ ವರ್ಷ, 1995ರ ಅಕ್ಟೋಬರ್‌ನಲ್ಲಿ, ಕ್ವಿಬೆಕ್ ಪ್ರಾಂತ್ಯ ಕೆನಡಾದಿಂದ ಬೇರೆಯಾಗಬೇಕೇ ಅನ್ನುವ ಜನಮತ ಇತ್ತು. ಅಂಥ ಹೊತ್ತಲ್ಲಿ ಕೋಟಿಗಟ್ಟಲೆ ಸಂಬಳ ಪಡೆಯುವ ಆಟಗಾರರಿಗೆ ಜನರ ಹಣ ಕೊಡುವುದು ಕಷ್ಟದ ಮಾತು. ಓಬ್ಯೂ ಕೇಳಿದ್ದಕ್ಕೆ ಸರ್ಕಾರ ಒಪ್ಪಲಿಲ್ಲ. ಮೇ ತಿಂಗಳಲ್ಲಿ 7.5 ಕೋಟಿ ಅಮೆರಿಕನ್ ಡಾಲರ್‌ಗೆ ತಂಡವನ್ನು ಕಾಮ್‌ಸ್ಯಾಟ್ ಕಂಪನಿಗೆ ಮಾರಿದರು. ತಂಡ ಡೆನ್ವರ್‌ಗೆ ಹೋಗಿ ಕೊಲರಾಡೊ ಅವಲಾಂಚ್ ಆಯಿತು.

ತಂಡವನ್ನು ಹಾಗೆ ಎತ್ತಿಕೊಂಡು ಹೋಗಬಹುದಾ?

ಹೋಗಬಹುದು. ನಮಗೆ ಇದು ವಿಚಿತ್ರ ಅನಿಸುತ್ತದೆ. ಆರ್‌ಸಿಬಿಯನ್ನು ಯಾರೋ ಕೊಂಡು, ಮುಂದಿನ ವರ್ಷದಿಂದ ಹೆಸರು ಬದಲಿಸಿ ಲಖನೌದಲ್ಲಿ ಆಡಿಸಿದರೆ ಬೆಂಗಳೂರಿಗೆ ಹೇಗನಿಸುತ್ತೆ, ಹಾಗೆಯೇ. ಅಲ್ಲಿ ತಂಡ ಮಾಲೀಕನ ಆಸ್ತಿ. ಊರು ಬದಲಿಸಲು ಉಳಿದ ಮಾಲೀಕರ ಒಪ್ಪಿಗೆ ಸಾಕು. ಊರಿನ ಜನರನ್ನು ಯಾರೂ ಕೇಳಬೇಕಾಗಿಲ್ಲ.

ತಂಡ ಹೋದ ಮೇಲೆ ಏನಾಯಿತು?

ಇದು ಆ ಊರಿನವರಿಗೆ ಅತಿ ನೋವಿನ ಭಾಗ. ಕೊನೆಯ ಸೀಸನ್‌ನಲ್ಲಿ ನಾರ್ಡೀಕ್ಸ್ ಪೂರ್ವ ವಿಭಾಗದಲ್ಲೇ ಮೊದಲ ಸ್ಥಾನದಲ್ಲಿತ್ತು. ಸಾಕಿಕ್, ಫೋರ್ಸ್‌ಬರ್ಗ್ ಎಲ್ಲ ಬಲಿತು ನಿಂತಿದ್ದರು. ಡೆನ್ವರ್‌ನಲ್ಲಿ ಮೊದಲ ವರ್ಷವೇ, 1996ರ ಜೂನ್‌ನಲ್ಲಿ, ಅದೇ ತಂಡ ಎನ್‌ಎಚ್‌ಎಲ್ ಚಾಂಪಿಯನ್‌ಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಇನ್ನೊಂದು ಪೆಟ್ಟು: ಆ ಗೆಲುವಿನ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ. ಕ್ವಿಬೆಕ್ ಸಿಟಿಯಲ್ಲೇ ಹುಟ್ಟಿದವರು, ಮಾಂಟ್ರಿಯಲ್‌ಗೆ ಆಡುತ್ತಿದ್ದವರು. 1995ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್ ಅವರನ್ನು ಕೊಲರಾಡೊಗೆ ಕೊಟ್ಟಿತ್ತು. ನಾರ್ಡೀಕ್ಸ್ ಕ್ವಿಬೆಕ್‌ನಲ್ಲೇ ಇದ್ದಿದ್ದರೆ ಬದ್ಧ ವೈರಿಗೆ ಅವರನ್ನು ಕೊಡುವ ಮಾತೇ ಇರುತ್ತಿರಲಿಲ್ಲ ಅಂತ ಅಭಿಮಾನಿಗಳು ಹೇಳುತ್ತಾರೆ. ನನಗೂ ಅದು ಸರಿ ಅನಿಸುತ್ತದೆ.

ಹೊಸ ಅರೀನಾ ಬೇಕು ಅನ್ನುವ ಹೋರಾಟ ಯಾವಾಗ ಶುರುವಾಯಿತು?

2005ರಲ್ಲಿ ಎನ್‌ಎಚ್‌ಎಲ್ ಸಂಬಳಕ್ಕೆ ಮಿತಿ ತಂದಿತು. ಪ್ರತಿ ತಂಡ ವರ್ಷಕ್ಕೆ ಇಷ್ಟೇ ಖರ್ಚು ಮಾಡಬಹುದು ಅಂತ. ಮೊದಲ ವರ್ಷದ ಮಿತಿ 3.9 ಕೋಟಿ ಡಾಲರ್. ಕೆಲವೇ ವರ್ಷದಲ್ಲಿ ಕೆನಡಾ ಡಾಲರ್ ಕೂಡ ಚೇತರಿಸಿಕೊಂಡು ಅಮೆರಿಕದ ಡಾಲರ್‌ಗೆ ಸರಿಸಮ ಬಂತು. ತಂಡ ಹೋಗಲು ಕಾರಣವಾಗಿದ್ದ ಎರಡು ತೊಂದರೆ ಸರಿಹೋದಂತೆ ಕಂಡಿತು. ಉಳಿದದ್ದು ಅರೀನಾ.

2007ರ ಕೊನೆಗೆ ರೆಜಿಸ್ ಲಬೋಮ್ ಮೇಯರ್ ಆದರು. ಜೋರು ಮಾತಿನ, ಹಿಡಿದದ್ದು ಬಿಡದ ಮನುಷ್ಯ. 2009ರಲ್ಲಿ ಅವರು 40 ಕೋಟಿ ಕೆನಡಾ ಡಾಲರ್‌ನ ಅರೀನಾ ಯೋಜನೆ ಮುಂದಿಟ್ಟರು. ಮರುವರ್ಷ ಊರಿಗೆ ಊರೇ ಎದ್ದಿತು. 2010ರ ಅಕ್ಟೋಬರ್ 2ರಂದು ಏಬ್ರಹಾಂ ಬಯಲಿನಲ್ಲಿ ನೀಲಿ ಜೆರ್ಸಿ ತೊಟ್ಟ 50,000ಕ್ಕೂ ಜಾಸ್ತಿ ಜನ ಸೇರಿದರು. ಅದನ್ನು ನೀಲಿ ಮೆರವಣಿಗೆ ಅನ್ನುತ್ತಾರೆ. ಆಗ ಇಡೀ ನಗರದ ಜನಸಂಖ್ಯೆ ಸುಮಾರು 5 ಲಕ್ಷ. ಅಂದರೆ ಹತ್ತರಲ್ಲಿ ಒಬ್ಬರ ಲೆಕ್ಕ.

ಆ ಡಿಸೆಂಬರ್‌ನಲ್ಲಿ ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಬಸ್ಸುಗಳಲ್ಲಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ಗೆ ಹೋದರು. ಐಲೆಂಡರ್ಸ್ ಮತ್ತು ಅಟ್ಲಾಂಟಾ ತಂಡಗಳ ಪಂದ್ಯಕ್ಕೆ. ಅರ್ಧ ಖಾಲಿ ಇರುತ್ತಿದ್ದ ಆ ಸ್ಟೇಡಿಯಂನಲ್ಲಿ ಯಾವ ತಂಡಕ್ಕೂ ಸೇರದ ಇವರದ್ದೇ ಗದ್ದಲ. ನಮ್ಮೂರಿಗೆ ತಂಡ ಕೊಡಿ, ನಾವು ಹೇಗೆ ತುಂಬಿಸುತ್ತೇವೆ ನೋಡಿ ಅಂತ ಲೀಗ್‌ಗೆ ತೋರಿಸಲು ಹೋಗಿದ್ದರು. ಆವತ್ತು ಆಡಿದ ಅಟ್ಲಾಂಟಾ ತಂಡ ಮರುವರ್ಷ ನಿಜವಾಗಿಯೂ ಊರು ಬದಲಿಸಿತು. ಆದರೆ ಹೋಗಿದ್ದು ವಿನಿಪೆಗ್‌ಗೆ.

ಅರೀನಾಗೆ ದುಡ್ಡು ಯಾರು ಕೊಟ್ಟರು? ಕೇಂದ್ರ ಸರ್ಕಾರ ಕೊಟ್ಟಿತಾ?

ಕೊಡಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಆಡಳಿತ ಪಕ್ಷದ ಆ ಭಾಗದ ಕೆಲವು ಸಂಸದರು ನಾರ್ಡೀಕ್ಸ್ ಜೆರ್ಸಿ ಹಾಕಿಕೊಂಡು ಫೋಟೊ ತೆಗೆಸಿಕೊಂಡರು. ಉಳಿದ ಪ್ರಾಂತ್ಯಗಳಲ್ಲಿ ಅದಕ್ಕೆ ಭಾರಿ ವಿರೋಧ ಬಂತು. ವೃತ್ತಿಪರ ಕ್ರೀಡೆಯ ಕಟ್ಟಡಕ್ಕೆ ನಮ್ಮ ತೆರಿಗೆ ಯಾಕೆ ಅಂತ ಜನ ಕೇಳಿದರು. ಸ್ಟೀಫನ್ ಹಾರ್ಪರ್ ಅವರ ಕೇಂದ್ರ ಸರ್ಕಾರ ಹಿಂದೆ ಸರಿಯಿತು.

2011ರ ಫೆಬ್ರವರಿಯಲ್ಲಿ ಮೇಯರ್ ಲಬೋಮ್ ಮತ್ತು ಪ್ರಾಂತ್ಯದ ಪ್ರಧಾನಿ ಝಾನ್ ಶಾರೆ ಸೇರಿ, ಯಾರು ಬರಲಿ ಬಿಡಲಿ ನಾವಿಬ್ಬರೇ ಕಟ್ಟುತ್ತೇವೆ ಅಂದರು. ಅರ್ಧ ನಗರ, ಅರ್ಧ ಪ್ರಾಂತ್ಯ. 2012ರ ಸೆಪ್ಟೆಂಬರ್‌ನಲ್ಲಿ ಕೆಲಸ ಶುರು, 2015ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ. ಖರ್ಚು ಸುಮಾರು 37 ಕೋಟಿ ಡಾಲರ್. ಹೇಳಿದ ಸಮಯಕ್ಕೆ, ಹೇಳಿದ್ದಕ್ಕಿಂತ ಕಡಿಮೆಗೆ ಮುಗಿಸಿದರು. ಇಂಥ ಯೋಜನೆಗಳಲ್ಲಿ ಇದು ಅಪರೂಪ. ಲಬೋಮ್ ಅವರಿಗೆ ಈ ಶ್ರೇಯ ಸಲ್ಲಲೇಬೇಕು.

ಕ್ವಿಬೆಕೋರ್ ಕಂಪನಿಯ ಒಪ್ಪಂದದ ಬಗ್ಗೆ ಅಷ್ಟು ಗಲಾಟೆ ಯಾಕಾಯಿತು?

ಕ್ವಿಬೆಕೋರ್ ಅಂದರೆ ಪತ್ರಿಕೆ, ಟಿವಿ, ಕೇಬಲ್, ಮೊಬೈಲ್ ಎಲ್ಲ ಇರುವ ದೊಡ್ಡ ಮಾಧ್ಯಮ ಕಂಪನಿ. ಅದರ ಮುಖ್ಯಸ್ಥ ಪಿಯೆರ್ ಕಾರ್ಲ್ ಪೆಲಾಡೋ. 2011ರ ಮಾರ್ಚ್‌ನಲ್ಲಿ ನಗರ ಈ ಕಂಪನಿಯ ಜೊತೆ 25 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅರೀನಾ ನಡೆಸುವ ಹಕ್ಕು ಮತ್ತು ಅದಕ್ಕೆ ಹೆಸರಿಡುವ ಹಕ್ಕು ಕಂಪನಿಗೆ. ತಂಡ ಬರದಿದ್ದರೆ ಹೆಸರಿನ ಹಕ್ಕಿಗೆ ಸುಮಾರು 3.3 ಕೋಟಿ, ಬಂದರೆ ಸುಮಾರು 6.35 ಕೋಟಿ ಡಾಲರ್. ಹೀಗೆ ಅದು ವಿಡಿಯೋಟ್ರಾನ್ ಸೆಂಟರ್ ಆಯಿತು. ವಿಡಿಯೋಟ್ರಾನ್ ಕೂಡ ಅವರದೇ ಕಂಪನಿ.

ಇದನ್ನು ಬಹಿರಂಗ ಟೆಂಡರ್ ಕರೆಯದೆ ಮಾಡಿದರು ಅಂತ ಆಕ್ಷೇಪ ಬಂತು. ನಗರದ ಹಿಂದಿನ ಮುಖ್ಯ ಅಧಿಕಾರಿಯೂ ಮಾಜಿ ಸಚಿವರೂ ಆದ ಡೆನಿ ದ ಬೆಲ್‌ವಾಲ್ ಕಾನೂನು ಹೋರಾಟಕ್ಕೆ ಇಳಿದರು. ಆಗ ಒಪ್ಪಂದವನ್ನು ಕೋರ್ಟಿನಿಂದ ಕಾಪಾಡಲೆಂದೇ 204ನೇ ಮಸೂದೆ ವಿಧಾನಸಭೆಗೆ ಬಂತು. ತಂದದ್ದು ಆಡಳಿತ ಪಕ್ಷವಲ್ಲ, ವಿರೋಧ ಪಕ್ಷ ಪಾರ್ಟಿ ಕ್ವಿಬೆಕ್ವಾದ ಶಾಸಕಿ ಆಗ್ನೆಸ್ ಮಾಲ್ಟೆ. ಅವರ ಕ್ಷೇತ್ರ ಕ್ವಿಬೆಕ್ ಸಿಟಿಯಲ್ಲೇ ಇತ್ತು.

ಪರಿಣಾಮ ಯಾರೂ ಊಹಿಸಿರಲಿಲ್ಲ. ಪಕ್ಷದ ಎಲ್ಲ ಶಾಸಕರೂ ಇದಕ್ಕೆ ಮತ ಹಾಕಲೇಬೇಕು ಅಂತ ನಾಯಕಿ ಪೋಲೀನ್ ಮರ್ವಾ ಪಟ್ಟು ಹಿಡಿದರು. ಜೂನ್ 6ರಂದು ಲೂಯೀಸ್ ಬೋದ್ವಾಂ, ಪಿಯೆರ್ ಕ್ಯೂರ್ಜಿ, ಲಿಸೆಟ್ ಲಪ್ವಾಂಟ್ ಮೂವರೂ ಪಕ್ಷದ ಗುಂಪಿನಿಂದ ಹೊರನಡೆದರು. ಮರುದಿನ ಇನ್ನೊಬ್ಬರು ಹೋದರು. ಲಿಸೆಟ್ ಲಪ್ವಾಂಟ್ ಅವರು 1995ರಲ್ಲಿ ನಾರ್ಡೀಕ್ಸ್ ಹೋದಾಗ ಪ್ರಧಾನಿಯಾಗಿದ್ದ ಪಾರಿಜೋ ಅವರ ಪತ್ನಿ. ಹಾಕಿ ಅರೀನಾದ ಒಂದು ಗುತ್ತಿಗೆಗಾಗಿ ಒಂದು ದೊಡ್ಡ ಪಕ್ಷವೇ ಒಡೆಯುವ ಹಂತಕ್ಕೆ ಬಂತು. ಕೊನೆಗೆ ಮಸೂದೆ ಸೆಪ್ಟೆಂಬರ್‌ನಲ್ಲಿ ಪಾಸಾಯಿತು.

ನನ್ನ ಅಭಿಪ್ರಾಯ ಹೇಳುತ್ತೇನೆ. ಅರೀನಾ ಕಟ್ಟಿದ್ದು ತಪ್ಪಲ್ಲ. ಆದರೆ ಜನರ ಹಣ ಇಷ್ಟು ಇದ್ದಾಗ, ನಾಗರಿಕನೊಬ್ಬ ಪ್ರಶ್ನೆ ಕೇಳುವ ದಾರಿಯನ್ನೇ ಕಾನೂನು ಮಾಡಿ ಮುಚ್ಚಿದ್ದು ತಪ್ಪು. ತಂಡ ಬಂದಿದ್ದರೂ ಅದು ತಪ್ಪೇ ಆಗಿರುತ್ತಿತ್ತು.

ಅರೀನಾ ಕಟ್ಟಿದರೆ ತಂಡ ಕೊಡುತ್ತೇವೆ ಅಂತ ಎನ್‌ಎಚ್‌ಎಲ್ ಮಾತು ಕೊಟ್ಟಿತ್ತಾ?

ಇಲ್ಲ. ಎನ್‌ಎಚ್‌ಎಲ್ ಮುಖ್ಯಸ್ಥ ಗ್ಯಾರಿ ಬೆಟ್‌ಮನ್ ಆ ಹುದ್ದೆಯಲ್ಲಿರುವುದು 1993ರಿಂದ. ಯಾವ ಭರವಸೆಯನ್ನೂ ಕೊಡುತ್ತಿಲ್ಲ ಅಂತ ಅವರು ಹಲವು ಸಲ ಬಹಿರಂಗವಾಗಿಯೇ ಹೇಳಿದ್ದರು. ಊರಿನ ನಾಯಕರಿಗೂ ಇದು ಗೊತ್ತಿತ್ತು. ಅರೀನಾ ಇಲ್ಲದಿದ್ದರೆ ಅವಕಾಶವೇ ಇಲ್ಲ, ಇದ್ದರೆ ಇರಬಹುದು ಅನ್ನುವುದು ಅವರ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಆದರೆ ಮೆರವಣಿಗೆಗೆ ಬಂದ ಜನರಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಲಿಲ್ಲ. ತಂಡ ಬಂದೇ ಬರುತ್ತದೆ ಅನ್ನುವ ಹುರುಪಿನಲ್ಲೇ ಊರು ಇತ್ತು. ನನಗೆ ಬೇಸರ ಇರುವುದು ಇದರ ಬಗ್ಗೆ.

2015ರಲ್ಲಿ ಅರ್ಜಿ ಹಾಕಿದ್ದರಲ್ಲ, ಅದು ಏನಾಯಿತು?

2015ರ ಬೇಸಿಗೆಯಲ್ಲಿ ಎನ್‌ಎಚ್‌ಎಲ್ ಹೊಸ ತಂಡಗಳಿಗೆ ಅರ್ಜಿ ಕರೆಯಿತು. ಅರ್ಜಿ ಶುಲ್ಕವೇ 1 ಕೋಟಿ ಅಮೆರಿಕನ್ ಡಾಲರ್. ಅದರಲ್ಲಿ 20 ಲಕ್ಷ ವಾಪಸ್ ಸಿಗುವುದಿಲ್ಲ. ಬಂದದ್ದು ಎರಡೇ ಅರ್ಜಿ: ಲಾಸ್ ವೇಗಸ್ ಮತ್ತು ಕ್ವಿಬೆಕ್ ಸಿಟಿ. ಕ್ವಿಬೆಕ್ ಪರವಾಗಿ ಹಾಕಿದ್ದು ಕ್ವಿಬೆಕೋರ್. ಕಂಪನಿಯ ಕ್ರೀಡಾ ಚಾನೆಲ್ ಟಿವಿಎ ಸ್ಪೋರ್ಟ್ಸ್ 2014ರಿಂದ ಎನ್‌ಎಚ್‌ಎಲ್‌ನ ಫ್ರೆಂಚ್ ಪ್ರಸಾರ ಮಾಡುತ್ತಿತ್ತು. ಮನೆಯದೇ ತಂಡ ಇದ್ದರೆ ಚಾನೆಲ್‌ಗೂ ಬಲ. ಕೆನಡಾದ ಮಾಜಿ ಪ್ರಧಾನಿ ಬ್ರಯಾನ್ ಮಲ್ರೂನಿ ಕಂಪನಿಯ ಮಂಡಳಿಯ ಅಧ್ಯಕ್ಷರಾಗಿ ಓಡಾಡಿದರು.

2016ರ ಜೂನ್ 22ರಂದು ತೀರ್ಮಾನ ಬಂತು. ಲಾಸ್ ವೇಗಸ್‌ಗೆ ತಂಡ, 50 ಕೋಟಿ ಅಮೆರಿಕನ್ ಡಾಲರ್ ಬೆಲೆಗೆ. ಕ್ವಿಬೆಕ್‌ನ ಅರ್ಜಿ ಮುಂದಕ್ಕೆ ಹಾಕಲಾಯಿತು. ಕಾರಣ ಎರಡು ಹೇಳಿದರು.

ಒಂದು, ಮತ್ತೆ ಅದೇ ಕೆನಡಾ ಡಾಲರ್. 2016ರ ಜನವರಿಯಲ್ಲಿ ಅದು 70 ಅಮೆರಿಕನ್ ಸೆಂಟ್‌ಗಿಂತ ಕೆಳಗೆ ಬಿದ್ದಿತ್ತು. 50 ಕೋಟಿ ಅಮೆರಿಕನ್ ಡಾಲರ್ ಅಂದರೆ ಕೆನಡಾ ಲೆಕ್ಕದಲ್ಲಿ 70 ಕೋಟಿ ದಾಟುತ್ತಿತ್ತು.

ಎರಡು, ಭೂಗೋಳ. ಆಗ ಪೂರ್ವ ವಿಭಾಗದಲ್ಲಿ 16 ತಂಡ, ಪಶ್ಚಿಮದಲ್ಲಿ 14. ಕ್ವಿಬೆಕ್ ಇರುವುದು ಪೂರ್ವದಲ್ಲಿ. ಲೀಗ್‌ಗೆ ಬೇಕಿದ್ದದ್ದು ಪಶ್ಚಿಮದ ತಂಡಗಳು. ಕೊನೆಗೆ 2018ರ ಡಿಸೆಂಬರ್‌ನಲ್ಲಿ ಎರಡನೇ ಜಾಗವೂ ಸಿಯಾಟಲ್‌ಗೆ ಹೋಯಿತು, 65 ಕೋಟಿ ಡಾಲರ್‌ಗೆ. 16ಕ್ಕೆ 16 ಸರಿಹೋಯಿತು.

ಇದರ ಮುಂದೆ ಊರಿನ ಜನ ಏನು ಮಾಡಬಹುದಿತ್ತು ಹೇಳಿ. ಟಿಕೆಟ್ ಕೊಳ್ಳಬಹುದು, ಮೆರವಣಿಗೆ ಮಾಡಬಹುದು, ತೆರಿಗೆ ಕಟ್ಟಿ ಅರೀನಾ ಎಬ್ಬಿಸಬಹುದು. ಡಾಲರ್ ದರ ಬದಲಿಸಲು ಆಗುವುದಿಲ್ಲ. ಊರನ್ನು ಎತ್ತಿ ಪಶ್ಚಿಮಕ್ಕೆ ಇಡಲು ಆಗುವುದಿಲ್ಲ.

ವಿನಿಪೆಗ್ ಕೂಡ ಸಣ್ಣ ಊರೇ ಅಲ್ವಾ? ಅದಕ್ಕೆ ಹೇಗೆ ಸಿಕ್ಕಿತು?

ಒಳ್ಳೆಯ ಪ್ರಶ್ನೆ. 2021ರ ಜನಗಣತಿಯಂತೆ ಎರಡೂ ಊರುಗಳು ಸುತ್ತಮುತ್ತಲಿನ ಪ್ರದೇಶ ಸೇರಿ 8.3 ಲಕ್ಷದ ಆಸುಪಾಸು. ವಿನಿಪೆಗ್ ಕೂಡ 1996ರಲ್ಲಿ ತನ್ನ ಜೆಟ್ಸ್ ತಂಡವನ್ನು ಫೀನಿಕ್ಸ್‌ಗೆ ಕಳೆದುಕೊಂಡಿತ್ತು.

ವ್ಯತ್ಯಾಸ ಎರಡು. ವಿನಿಪೆಗ್‌ನ ಅರೀನಾ 2004ರಲ್ಲೇ ಸಿದ್ಧವಾಗಿತ್ತು. 15,000 ಆಸನದ ಸಣ್ಣದೇ, ಆದರೆ ಸಿದ್ಧ ಇತ್ತು. ಟ್ರೂ ನಾರ್ತ್ ಅನ್ನುವ ಸ್ಥಳೀಯ ಮಾಲೀಕರು ಅದನ್ನು ನಡೆಸುತ್ತಿದ್ದರು. ಲೀಗ್ ಜೊತೆ ಗದ್ದಲ ಇಲ್ಲದೆ ವರ್ಷಗಟ್ಟಲೆ ಮಾತಾಡುತ್ತಿದ್ದರು. 2011ರಲ್ಲಿ ಅಟ್ಲಾಂಟಾ ತಂಡ ಮಾರಾಟಕ್ಕೆ ಬಂದಾಗ ಖರೀದಿದಾರ, ಕಟ್ಟಡ ಎರಡೂ ತಯಾರು. ಕೆಲವೇ ದಿನಗಳಲ್ಲಿ 13,000 ಸೀಸನ್ ಟಿಕೆಟ್ ಮಾರಾಟವಾದವು. ಆಗ ಕೆನಡಾ ಡಾಲರ್ ಕೂಡ ಬಲವಾಗಿತ್ತು. ಕ್ವಿಬೆಕ್‌ನ ಅರೀನಾ ಆ ಹೊತ್ತಿಗೆ ಕಾಗದದ ಮೇಲೆ ಇತ್ತು.

ಆದರೆ ವಿನಿಪೆಗ್‌ನಲ್ಲೂ ಎಲ್ಲ ಸುಖವಾಗಿಲ್ಲ. ಕೋವಿಡ್ ನಂತರ ಸೀಸನ್ ಟಿಕೆಟ್ ಸಂಖ್ಯೆ 9,500ರ ಹತ್ತಿರ ಇಳಿಯಿತು. ಹೀಗೇ ಮುಂದುವರಿದರೆ ಕಷ್ಟ ಅಂತ 2024ರಲ್ಲಿ ಮಾಲೀಕರೇ ಹೇಳಿದರು. ಸಣ್ಣ ಊರಲ್ಲಿ ತಂಡ ಬಂದ ಮೇಲೂ ಪ್ರತಿ ವರ್ಷ ಅದನ್ನು ಉಳಿಸಿಕೊಳ್ಳುವ ಕೆಲಸ ಇರುತ್ತದೆ. ಕ್ವಿಬೆಕ್‌ನ ಅಭಿಮಾನಿಗಳು ಇದನ್ನೂ ನೋಡಬೇಕು.

ಖಾಲಿ ಅರೀನಾ ಇರುವ ಊರನ್ನು ಬೇರೆ ತಂಡಗಳು ಬಳಸಿಕೊಳ್ಳುತ್ತವೆ ಅನ್ನುತ್ತಾರೆ, ನಿಜವಾ?

ನಿಜ. ತಂಡದ ಮಾಲೀಕನಿಗೆ ತನ್ನ ಊರಲ್ಲಿ ಹೊಸ ಅರೀನಾ ಬೇಕು ಅಂದಾಗ, 'ಕೊಡದಿದ್ದರೆ ಬೇರೆ ಊರಿಗೆ ಹೋಗುತ್ತೇವೆ' ಅನ್ನಲು ಒಂದು ಬೇರೆ ಊರು ಬೇಕಲ್ವಾ? ಅಮೆರಿಕದ ಕಾನ್ಸಾಸ್ ಸಿಟಿ 2007ರಲ್ಲಿ ಹೊಸ ಅರೀನಾ ತೆರೆಯಿತು. ಅದೇ ವರ್ಷ ಪಿಟ್ಸ್‌ಬರ್ಗ್ ತಂಡ ಅಲ್ಲಿಗೆ ಹೋಗುವ ಮಾತಾಡುತ್ತಲೇ ತನ್ನ ಊರಲ್ಲಿ ಹೊಸ ಅರೀನಾದ ಒಪ್ಪಂದ ಪಡೆಯಿತು. ಕಾನ್ಸಾಸ್ ಸಿಟಿಗೆ ಇವತ್ತಿಗೂ ಎನ್‌ಎಚ್‌ಎಲ್ ತಂಡ ಇಲ್ಲ. 2012ರಲ್ಲಿ ಎಡ್ಮಂಟನ್ ಮಾಲೀಕರು ಸಿಯಾಟಲ್‌ಗೆ ಹೋಗಿ ಬಂದರು. ಊರಿನ ಜನ ಸಿಟ್ಟಾದ ಮೇಲೆ ಕ್ಷಮೆ ಕೇಳಿದರು.

ಟೊರಾಂಟೊ ಪಕ್ಕದ ಹ್ಯಾಮಿಲ್ಟನ್ ಇನ್ನೂ ಹಳೆಯ ಉದಾಹರಣೆ. 1985ರಲ್ಲೇ 17,000 ಆಸನದ ಅರೀನಾ ಕಟ್ಟಿಕೊಂಡು ಕಾದಿತು. 1990ರಲ್ಲಿ ಹೊಸ ತಂಡಗಳು ಆಟವಾ ಮತ್ತು ಟ್ಯಾಂಪಾಗೆ ಹೋದವು. 2009ರಲ್ಲಿ ಬ್ಲ್ಯಾಕ್‌ಬೆರಿ ಕಂಪನಿಯ ಜಿಮ್ ಬಾಲ್ಸಿಲೀ ದಿವಾಳಿಯಾಗಿದ್ದ ಫೀನಿಕ್ಸ್ ತಂಡವನ್ನು ಕೊಂಡು ಹ್ಯಾಮಿಲ್ಟನ್‌ಗೆ ತರಲು ಹೋದರು. ಲೀಗ್ ವಿರೋಧಿಸಿತು, ಕೋರ್ಟ್ ಒಪ್ಪಲಿಲ್ಲ. ಕ್ವಿಬೆಕ್ ಅರೀನಾ ಕಟ್ಟುವ ಮೊದಲೇ ಈ ಪಾಠಗಳೆಲ್ಲ ಕಣ್ಣ ಮುಂದೆ ಇದ್ದವು.

ಅರೀನಾ ಈಗ ಸುಮ್ನೆ ಬಿದ್ದಿದೆಯಾ?

ಇಲ್ಲ. ದೊಡ್ಡ ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ. ಮೆಟಾಲಿಕಾ ಬ್ಯಾಂಡ್ 2015ರ ಸೆಪ್ಟೆಂಬರ್‌ನಲ್ಲಿ ಹಳೆಯ ಕೊಲಿಸೇಗೆ ವಿದಾಯದ ಕಾರ್ಯಕ್ರಮ ಕೊಟ್ಟು, ಎರಡು ದಿನದ ನಂತರ ಪಕ್ಕದ ಹೊಸ ಅರೀನಾದಲ್ಲೂ ಹಾಡಿತು.

ಹಾಕಿಯೂ ಇದೆ. ರಾಂಪಾರ್ ಅನ್ನುವ ಜೂನಿಯರ್ ತಂಡದ ತವರು ಅಂಕಣ ಇದು. 16ರಿಂದ 20 ವರ್ಷದ ಹುಡುಗರು ಆಡುತ್ತಾರೆ. 2023ರಲ್ಲಿ ಈ ತಂಡ ಕೆನಡಾದ ಜೂನಿಯರ್ ಹಾಕಿಯ ಅತಿ ದೊಡ್ಡ ಪ್ರಶಸ್ತಿ ಮೆಮೋರಿಯಲ್ ಕಪ್ ಗೆದ್ದಿತು. ಕೋಚ್ ಆಗಿದ್ದವರು ಅದೇ ಪ್ಯಾಟ್ರಿಕ್ ರುವಾ. ಜೊತೆಗೆ ಪ್ರತಿ ಫೆಬ್ರವರಿಯಲ್ಲಿ ಮಕ್ಕಳ ಪೀವೀ ಟೂರ್ನಿ. 1960ರಲ್ಲಿ ಶುರುವಾದದ್ದು. ಐಸ್ ಹಾಕಿಯ ದಂತಕಥೆ ವೇನ್ ಗ್ರೆಟ್ಸ್‌ಕಿ 1974ರಲ್ಲಿ ಹುಡುಗನಾಗಿದ್ದಾಗ ಇದರಲ್ಲಿ ಆಡಿದ್ದರು. 2023ರಲ್ಲಿ ಯುದ್ಧದಿಂದ ಚದುರಿಹೋಗಿದ್ದ ಉಕ್ರೇನ್ ಮಕ್ಕಳ ತಂಡವೊಂದನ್ನು ಕರೆಸಿ ಆಡಿಸಿದರು. ಆ ಮಕ್ಕಳಿಗೆ ಊರು ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಈ ಊರಿಗೆ ಹಾಕಿ ಅಂದರೆ ಏನು ಅಂತ ತಿಳಿಯಲು ಎನ್‌ಎಚ್‌ಎಲ್ ಒಂದನ್ನೇ ನೋಡಬೇಕಾಗಿಲ್ಲ.

ಲಾಸ್ ಏಂಜಲೀಸ್ ಕಿಂಗ್ಸ್ ತಂಡಕ್ಕೆ ಸರ್ಕಾರ ಹಣ ಕೊಟ್ಟ ವಿವಾದ ಏನು?

2023ರ ನವೆಂಬರ್‌ನಲ್ಲಿ ಪ್ರಾಂತ್ಯದ ಹಣಕಾಸು ಸಚಿವ ಎರಿಕ್ ಜಿರಾರ್, ಕಿಂಗ್ಸ್ ತಂಡವನ್ನು ಎರಡು ಅಭ್ಯಾಸ ಪಂದ್ಯಗಳಿಗೆ ಕರೆಸಲು 50ರಿಂದ 70 ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ಅದೇ ದಿನಗಳಲ್ಲಿ ಶಿಕ್ಷಕರು, ದಾದಿಯರು ಸಂಬಳಕ್ಕಾಗಿ ಮುಷ್ಕರದಲ್ಲಿದ್ದರು. ಜನ ರೊಚ್ಚಿಗೆದ್ದರು. ಪಂದ್ಯಗಳು 2024ರ ಅಕ್ಟೋಬರ್‌ನಲ್ಲಿ ಬಾಸ್ಟನ್ ಮತ್ತು ಫ್ಲಾರಿಡಾ ವಿರುದ್ಧ ನಡೆದವು.

ನಾನು ಇದನ್ನು ಒಪ್ಪುವುದಿಲ್ಲ. ಅರೀನಾ ಆದರೂ ಊರಿನಲ್ಲಿ ಉಳಿಯುತ್ತದೆ, ಮಕ್ಕಳು ಆಡುತ್ತಾರೆ. ಎರಡು ಅಭ್ಯಾಸ ಪಂದ್ಯಗಳಿಂದ ಊರಿನ ಕೈಗೆ ಏನೂ ಉಳಿಯುವುದಿಲ್ಲ.

ಮಹಿಳೆಯರ ವೃತ್ತಿಪರ ತಂಡವಾದರೂ ಬರಬಹುದಾ?

ಬರಬೇಕು ಅಂತ ನನ್ನ ಆಸೆ. 2024ರಲ್ಲಿ ಪಿಡಬ್ಲ್ಯುಎಚ್‌ಎಲ್ ಅನ್ನುವ ಮಹಿಳಾ ಲೀಗ್ ಆಟ ಶುರು ಮಾಡಿತು. 2025ರ ಜನವರಿಯಲ್ಲಿ ಅದರ ಮಾಂಟ್ರಿಯಲ್ ಮತ್ತು ಆಟವಾ ತಂಡಗಳು ವಿಡಿಯೋಟ್ರಾನ್ ಸೆಂಟರ್‌ನಲ್ಲಿ ಆಡಿದಾಗ ಅರೀನಾ ತುಂಬಿ ತುಳುಕಿತು. ಲೀಗ್ ಹೊಸ ತಂಡಗಳಿಗೆ ಊರು ಹುಡುಕಿದಾಗ ಕ್ವಿಬೆಕ್ ಹೆಸರೂ ಕೇಳಿಬಂತು. ಆದರೆ ಆ ವರ್ಷ ತಂಡ ಸಿಕ್ಕಿದ್ದು ವ್ಯಾಂಕೂವರ್ ಮತ್ತು ಸಿಯಾಟಲ್‌ಗೆ. ಎನ್‌ಎಚ್‌ಎಲ್ ತಂಡಕ್ಕೆ ಬೇಕಾಗುವ ಹಣದ ಒಂದು ಚೂರು ಸಾಕು ಇಲ್ಲಿ. ಊರು ತನ್ನ ಶಕ್ತಿಯನ್ನು ಈ ಕಡೆ ಹಾಕಿದರೆ ವೃತ್ತಿಪರ ಹಾಕಿ ಬೇಗ ಬರಬಹುದು.

ಎನ್‌ಎಚ್‌ಎಲ್ ತಂಡ ಯಾವತ್ತಾದರೂ ವಾಪಸ್ ಬರುತ್ತಾ?

ದಾರಿ ಎರಡೇ: ಹೊಸ ತಂಡ, ಇಲ್ಲವೇ ಬೇರೆ ಊರಿನ ತಂಡ.

ಹೊಸ ತಂಡದ ಬೆಲೆ 2000ದಲ್ಲಿ 8 ಕೋಟಿ ಡಾಲರ್ ಇದ್ದದ್ದು ಸಿಯಾಟಲ್‌ಗೆ 65 ಕೋಟಿ ಆಗಿತ್ತು. ಮುಂದಿನ ಸಲ ಇನ್ನೂ ಎಷ್ಟೋ ಜಾಸ್ತಿ. ಅಷ್ಟು ಹಣ ಕೊಡಬಲ್ಲ ಅಮೆರಿಕದ ದೊಡ್ಡ ನಗರಗಳು ಸಾಲಿನಲ್ಲಿವೆ. ಹ್ಯೂಸ್ಟನ್, ಅಟ್ಲಾಂಟಾ ಹೆಸರುಗಳು ಸದಾ ಕೇಳಿಬರುತ್ತವೆ. ಅಟ್ಲಾಂಟಾ ಈಗಾಗಲೇ ಎರಡು ಸಲ ತಂಡ ಕಳೆದುಕೊಂಡ ಊರು, ಎರಡೂ ಸಲ ಕೆನಡಾಕ್ಕೆ. ಆದರೂ ಅದರ ಹೆಸರು ಬರುತ್ತದೆ. ಅಮೆರಿಕದ ಟಿವಿ ಮಾರುಕಟ್ಟೆ ಅಷ್ಟು ದೊಡ್ಡದು. ಕ್ವಿಬೆಕ್ ಸೇರಿದರೆ ಅಮೆರಿಕದ ಟಿವಿಗೆ ಹೊಸ ವೀಕ್ಷಕರು ಬರುವುದಿಲ್ಲ. ಕ್ವಿಬೆಕ್ ಸಿಟಿಯ ಮನೆಗಳಲ್ಲಿ ಹಾಕಿಯನ್ನು ಹೇಗೂ ನೋಡುತ್ತಾರೆ.

ಊರು ಬದಲಿಸುವ ತಂಡದ ಮಾತು. ಫೀನಿಕ್ಸ್‌ನ ಕಯೋಟೀಸ್ ವರ್ಷಾನುಗಟ್ಟಲೆ ಒದ್ದಾಡಿತು. 2023ರ ಮೇನಲ್ಲಿ ಪಕ್ಕದ ಟೆಂಪೆ ಊರಿನ ಮತದಾರರು ಹೊಸ ಅರೀನಾ ಬೇಡ ಅಂದರು. ಕ್ವಿಬೆಕ್‌ನಲ್ಲಿ ಮತ್ತೆ ಆಸೆ ಚಿಗುರಿತು. 2024ರ ಏಪ್ರಿಲ್‌ನಲ್ಲಿ ಕಯೋಟೀಸ್ ಆಟಗಾರರು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋದರು, 120 ಕೋಟಿ ಡಾಲರ್ ವ್ಯವಹಾರದಲ್ಲಿ. ಅಲ್ಲಿನ ಅರೀನಾ ಬ್ಯಾಸ್ಕೆಟ್‌ಬಾಲ್‌ಗೆ ಕಟ್ಟಿದ್ದು. ಹಾಕಿಗಾಗಿಯೇ ಕಟ್ಟಿದ ಕ್ವಿಬೆಕ್ ಅರೀನಾದಷ್ಟು ಅನುಕೂಲ ಅದರಲ್ಲಿ ಇರಲಿಲ್ಲ. ಆದರೆ ಯೂಟಾದಲ್ಲಿ ರಯಾನ್ ಸ್ಮಿತ್ ಅನ್ನುವ ಖರೀದಿದಾರ ಕಾಯುತ್ತಿದ್ದರು.

ಹಾಗಾಗಿ ಸದ್ಯಕ್ಕೆ ಬರುವ ಲಕ್ಷಣ ಕಡಿಮೆ. ಪೂರ್ವದ ಯಾವುದಾದರೂ ತಂಡ ಕೈಚೆಲ್ಲಬೇಕು, ಕೆನಡಾ ಡಾಲರ್ ಏರಬೇಕು, ಅಷ್ಟು ದೊಡ್ಡ ಹಣ ಹಾಕುವವರು ಸಿಗಬೇಕು. ಮೂರೂ ಒಂದೇ ಹೊತ್ತಿಗೆ ಆಗಬೇಕು.

ಹಾಗೇನಾದರೂ ಬಂದರೆ ಊರು ಏನು ಷರತ್ತು ಹಾಕಬೇಕು?

ನನ್ನ ಮಟ್ಟಿಗೆ ಮುಖ್ಯ ಒಂದೇ: ತಂಡ ಇಷ್ಟು ವರ್ಷ ಊರು ಬಿಡುವಂತಿಲ್ಲ, ಬಿಟ್ಟರೆ ದೊಡ್ಡ ದಂಡ ಕಟ್ಟಬೇಕು ಅಂತ ಗುತ್ತಿಗೆಯಲ್ಲೇ ಬರೆಸಿಕೊಳ್ಳಬೇಕು. ಒಪ್ಪಂದದ ಪೂರ್ತಿ ಪಠ್ಯ ಸಹಿಗೆ ಮೊದಲೇ ಜನರ ಮುಂದೆ ಇರಬೇಕು. ಇನ್ನೂ ಒಂದು ಬಾರಿ ತಂಡ ಕಳೆದುಕೊಂಡರೆ ಆ ಊರು ತಡೆದುಕೊಳ್ಳುವುದು ಕಷ್ಟ.

ನಾವು ಕ್ವಿಬೆಕ್ ಸಿಟಿಗೆ ಹೋದರೆ ಹಾಕಿ ನೋಡಬಹುದಾ?

ಖಂಡಿತ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ರಾಂಪಾರ್ ಪಂದ್ಯಗಳು ಇರುತ್ತವೆ. ಟಿಕೆಟ್ ಎನ್‌ಎಚ್‌ಎಲ್‌ಗಿಂತ ತುಂಬಾ ಅಗ್ಗ. ಅರೀನಾ ಇರುವುದು ಲಿಮ್ವಾಲೂ ಬಡಾವಣೆಯಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಫೆಬ್ರವರಿ ಒಳ್ಳೆಯದು. ಪೀವೀ ಟೂರ್ನಿ ಮತ್ತು ಚಳಿಗಾಲದ ಕಾರ್ನಿವಲ್ ಎರಡೂ ಆಸುಪಾಸಿನಲ್ಲೇ ಬರುತ್ತವೆ. ಚಳಿ ಮೈನಸ್ 20ಕ್ಕೆ ಇಳಿಯುವುದುಂಟು. ಬೂಟು, ಕೈಗವಸು ಸರಿಯಾಗಿ ಇರಲಿ. ನೀಲಿ ಜೆರ್ಸಿ ತೊಟ್ಟವರು ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಆಲೈನ್ ಕೋಟೆ ಗೋಲಿನ ಬಗ್ಗೆ ಕೇಳಿ. ಫ್ರೆಂಚ್ ಬರದಿದ್ದರೂ ಕೈಸನ್ನೆಯಲ್ಲೇ ಪೂರ್ತಿ ಕತೆ ಹೇಳುತ್ತಾರೆ.